ನಮ್ಮ ಪುಟ್ಟ ರೈಲ್ವೆ, ಭಾಗ 4: ಉದ್ದ ಬಿಡ್ರಿ, ಎತ್ತರ ಅಳೀರಿ

ದೋಸ್ತ್ರ, ಹಿಂದಿನ ಪೋಸ್ಟಿಗೆ ಬಂದ ಕಾಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ‘ಲೇ, ಹುಬ್ಬಳ್ಳಿಯಾಂವ ಆಗಿ ಜಗತ್ತಿನ ಉದ್ದನೆ ಪ್ಲಾಟ್‌ಫಾರ್ಮ್ ಮಾಡಲಿಲ್ಲ ಅಂದ್ರ ಹೆಂಗಲೇ?’

ಸರಿ, ಮೊದಲು ಲೆಕ್ಕ ಹಾಕೋಣು. ಬಿಕಾಂ ಓದೋದು ಮತ್ಯಾಕ? 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆದ ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಅದಕ್ಕೂ ಮೊದಲು ಈ ದಾಖಲೆ ಗೋರಖ್‌ಪುರದ್ದು, ಸುಮಾರು 1366 ಮೀಟರ್. ನಾನು ಮಾಡ್ತಿರೋದು ಎಚ್‌ಒ ಸ್ಕೇಲ್, ಅಂದರೆ ನಿಜವಾದ 87 ಸೆಂಟಿಮೀಟರ್ ನನ್ನ ಬೋರ್ಡಿನ ಮೇಲೆ 1 ಸೆಂಟಿಮೀಟರ್. 1507 ಮೀಟರನ್ನು 87ರಿಂದ ಭಾಗಿಸಿದರೆ 17.3 ಮೀಟರ್, ಹತ್ತಿರ ಹತ್ತಿರ 57 ಅಡಿ. ನನ್ನ ಪ್ಲೈವುಡ್ ಇರೋದು 8 ಅಡಿ. ಪೂರ್ತಿ ಮಾಡಿದರೆ ನಮ್ಮ ಮನೆ ಮುಂಬಾಗಿಲಿಂದ ಹೊರಟು ಹಿತ್ತಲ ದಾಟಿ ಪಕ್ಕದ ಮನೆಯವರ ತುಳಸಿಕಟ್ಟೆಗೆ ಹೋಗಿ ಮುಟ್ಟತೈತಿ.

ಅದಕ್ಕೇ ನನ್ನ ಪ್ಲಾಟ್‌ಫಾರ್ಮ್ ಬರೀ ಒಂದೂವರೆ ಮೀಟರ್. ಐದು ಎಲ್‌ಎಚ್‌ಬಿ ಬೋಗಿ ನಿಲ್ಲುತ್ತವೆ, ಅಷ್ಟೇ. ಇದರ ಬಗ್ಗೆ ನನಗೆ ಬೇಜಾರಿಲ್ಲ. ಉದ್ದ ಕಡಿಮೆ ಮಾಡಿದರೆ ನೋಡೋರ ಕಣ್ಣು ಹೊಂದಿಕೊಂಡು ಹೋಗುತ್ತದೆ. ಎತ್ತರ ತಪ್ಪಿದರೆ ಹೊಂದಿಕೊಳ್ಳಲ್ಲ. ಇದು ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ.

ಅಂಗಡಿಯಲ್ಲಿ ಸಿಗೋ ರೆಡಿಮೇಡ್ ಪ್ಲಾಟ್‌ಫಾರ್ಮ್‌ಗಳು ಹೊರದೇಶದ ಸ್ಟೇಷನ್ ನೋಡಿ ಮಾಡಿದ್ದು. ಅದರ ಮೇಲೆ ನಮ್ಮ ಚಹಾದವರನ್ನು ನಿಲ್ಲಿಸಿದರೆ ದಾರಿ ತಪ್ಪಿ ಬಂದಂಗೆ ಕಾಣ್ತಾರೆ. ಹಾಗಾಗಿ ನಾನೇ ಮಾಡೋಣ ಅಂತ ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ತುಂಡುಗಳನ್ನು ತಂದೆ. ಪ್ಲಾಟ್‌ಫಾರ್ಮ್ ಎತ್ತರಕ್ಕೆ ರೈಲ್ವೆಯವರದೇ ಅಳತೆ ಇದೆ. ಎತ್ತರದ ಪ್ಲಾಟ್‌ಫಾರ್ಮ್ ಅಂದರೆ ಹಳಿಯ ತಲೆಯಿಂದ 760ರಿಂದ 840 ಮಿಲಿಮೀಟರ್. ನನ್ನ ಸ್ಕೇಲಿನಲ್ಲಿ ಅದು 9 ಚಿಲ್ಲರೆ. 5 ಮಿಲಿಮೀಟರಿನ ಎರಡು ಪದರ ಅಂಟಿಸಿದರೆ ಮುಗೀತು ಅಂದ್ಕೊಂಡೆ. ಮೇಲೆ ಮರಳು ಕಾಗದ ಹಚ್ಚಿ, ಅಂಚಿಗೆ ಹಳದಿ ಪಟ್ಟೆ ಎಳೆದು, ರೈಲು ತಂದು ನಿಲ್ಲಿಸಿದೆ.

ಎರಡನೇ ಫೋಟೋ ನೋಡ್ರಿ. ಬೋಗಿ ಬಾಗಿಲು ಎಲ್ಲೋ ಮೇಲೆ, ಪ್ಲಾಟ್‌ಫಾರ್ಮ್ ಎಲ್ಲೋ ಕೆಳಗೆ. ನಾನು ಅಳೆದಿದ್ದು ಪ್ಲೈವುಡ್ಡಿನಿಂದ, ಅಳೀಬೇಕಿದ್ದದ್ದು ಹಳಿಯ ತಲೆಯಿಂದ. ಸ್ಲೀಪರ್, ಹಳಿ ಎರಡೂ ಸೇರಿ 5 ಮಿಲಿಮೀಟರ್ ನುಂಗಿಬಿಟ್ಟಿದ್ದವು.

ತೆಲಿ ಮ್ಯಾಲೆ ಕೈ ಹೊತ್ತು ಕೂತಿದ್ದೆ. ಹಳ್ಳಿಯಿಂದ ಬಂದಿದ್ದ ಅಜ್ಜಿ ಹತ್ತಿರ ಬಂದು, ಬಗ್ಗಿ ನೋಡಿ ಅಂದಳು: ‘ಇದು ನಮ್ಮೂರ ಟೇಸನ್ ಆತಲ್ಲೋ ತಮ್ಮಾ. ಹತ್ತೂ ಮುಂದ ಮಣಕಾಲು ಎದಿಗೆ ಬರತೈತಿ.’

ನಾನು ಕ್ಯಾಲ್ಕುಲೇಟರ್ ತಗೊಂಡೆ. ಹಳಿಯ ಮೇಲೆ ಉಳಿದ 5 ಮಿಲಿಮೀಟರ್ ಅಂದರೆ ನಿಜದಲ್ಲಿ 435 ಮಿಲಿಮೀಟರ್. ರೈಲ್ವೆ ಲೆಕ್ಕದಲ್ಲಿ ತಗ್ಗಿನ ಪ್ಲಾಟ್‌ಫಾರ್ಮಿಗೆ ಗರಿಷ್ಠ 455. ಅಜ್ಜಿ ಟೇಪ್ ಹಿಡಿಯದೇ ಸರಿಯಾಗಿ ಹೇಳಿದ್ದಳು. ಬೋಗಿಯ ನೆಲ ಹಳಿಯಿಂದ ಸುಮಾರು 1.3 ಮೀಟರ್ ಮೇಲಿರುತ್ತದೆ. ತಗ್ಗಿನ ಪ್ಲಾಟ್‌ಫಾರ್ಮಿನಿಂದ ಅಷ್ಟು ಎತ್ತರಕ್ಕೆ ಅಜ್ಜಿ ಹಿಡಿಕೆ ಜಗ್ಗಿಕೊಂಡು, ಕಡಿದಾದ ಮೆಟ್ಟಿಲ ಮೇಲೆ ಹತ್ತಬೇಕು, ಅದೂ ಎರಡೇ ನಿಮಿಷದೊಳಗೆ. ಪ್ರತಿ ಸಲ ಯಾರಾದರೂ ಮೇಲಿಂದ ಕೈ ಹಿಡಿದು ಎಳೀತಾರೆ, ಕೆಳಗಿಂದ ಒಬ್ಬರು ಚೀಲ ಕೊಡ್ತಾರೆ. ನಾನೇ ಎಷ್ಟು ಸಲ ಎಳೆದೀನಿ! ಒಂದು ಸಲನೂ ಇದು ಪ್ಲಾಟ್‌ಫಾರ್ಮಿನ ಎತ್ತರದ ವಿಷಯ ಅಂತ ಹೊಳೆದಿರಲಿಲ್ಲ. ಅಜ್ಜಿಗೆ ವಯಸ್ಸಾತು ಅಂತ ಅಂದ್ಕೊಂಡಿದ್ದೆ.

ನನ್ನ ಅಭಿಪ್ರಾಯ ಇಷ್ಟೇ. ನಾವು ಹುಬ್ಬಳ್ಳಿ ಹುಡುಗರು 1507ರ ಬಗ್ಗೆ ಸಾಕಷ್ಟು ರೀಲ್ಸ್ ಮಾಡೀವಿ. ನಾನೂ ಸೆಲ್ಫಿ ತಗೊಂಡೀನಿ, ಸುಳ್ಳು ಯಾಕ ಹೇಳ್ಲಿ. ಆ ಉದ್ದ ಬರೀ ಶೋಕಿಗೆ ಅಂತ ನಾ ಹೇಳಂಗಿಲ್ಲ. ಒಂದೇ ಪ್ಲಾಟ್‌ಫಾರ್ಮಿನಿಂದ ಎರಡೂ ದಿಕ್ಕಿಗೆ ರೈಲು ಬಿಡಬಹುದು, ಕೆಲಸಕ್ಕೆ ಬರೋ ಉದ್ದ ಅದು. ಆದರೆ ದಾಖಲೆ ಗೋರಖ್‌ಪುರದಿಂದ ನಮಗೆ ಬಂದಂಗ ನಾಳೆ ಇನ್ನೊಂದು ಊರಿಗೂ ಹೋಗಬಹುದು. ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಎತ್ತರ ಆದರೆ ಯಾವ ದಾಖಲೆನೂ ಆಗಂಗಿಲ್ಲ, ಯಾರೂ ಸೆಲ್ಫಿ ತಗೊಳ್ಳೋದಿಲ್ಲ. ಆದರೂ ನಾವು ಬಾಯಿ ಬಿಟ್ಟು ಕೇಳಬೇಕಾದ್ದು ಅದನ್ನ. ಗರ್ಭಿಣಿಯರು, ಕೋಲು ಹಿಡಿದು ನಡೆಯೋರು, ಕೂಸು ಎತ್ತಿಕೊಂಡೋರು ಎಲ್ಲರೂ ರೈಲು ಹತ್ತೋರೇ.

ಈಗ ರಿಪೇರಿ. ಎರಡು ಪದರದ ಮೇಲೆ 3 ಮಿಲಿಮೀಟರ್ ಸನ್‌ಬೋರ್ಡ್, ಅದರ ಮೇಲೆ 1 ಮಿಲಿಮೀಟರ್ ರಟ್ಟು. ಒಟ್ಟು 14, ಹಳಿಯಿಂದ 9, ನಿಜದಲ್ಲಿ 783. ಅಳತೆಯೊಳಗೆ ಬಂತು. ಕೊನೆಯ ಇಳಿಜಾರು ಎತ್ತರದ ಆರು ಪಟ್ಟು ಉದ್ದ ಇರಲಿ, ಅದಕ್ಕಿಂತ ಕಡಿದಾಗಬಾರದು. ಅಂಚು ಹಳಿಯ ನಡುಗೆರೆಯಿಂದ ಲೆಕ್ಕದ ಪ್ರಕಾರ 19.3 ಮಿಲಿಮೀಟರ್, ಆದರೆ ನಮ್ಮ ಕೈಕೆಲಸಕ್ಕೆ 21 ಬಿಡ್ರಿ, ಇಲ್ಲಾಂದ್ರ ಬೋಗಿ ಉಜ್ಜತೈತಿ. ಅಂಟಿಸೋ ಮೊದಲು ಅತಿ ಉದ್ದದ ಬೋಗಿಯನ್ನು ಕೈಯಿಂದ ತಳ್ಳಿ ನೋಡ್ರಿ. ಒಟ್ಟು ಖರ್ಚು 180 ರೂಪಾಯಿ, ತಪ್ಪಿದ್ದೂ ಸೇರಿ. ಅಳತೆ ತಗೊಳ್ಳಾಕ ಸ್ಟೇಷನ್ನಿಗೆ ಹೋಗೋರು ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಹೋಗ್ರಿ, ಹಳಿಗೆ ಮಾತ್ರ ಇಳೀಬ್ಯಾಡ್ರಿ.

ತಪ್ಪು ತುಂಡು ಪೂರ್ತಿ ಎತ್ತರ ಮಾಡಿಲ್ಲ. ಅದರೊಳಗಿಂದ ಒಂದು ಬೋಗಿಯಷ್ಟು ಉದ್ದ ಕೊಯ್ದು, ಬೋರ್ಡಿನ ಆ ತುದಿಗೆ ಅಂಟಿಸೀನಿ. ಅದು ಅಜ್ಜಿಯ ಊರು. ಎರಡರ ನಡುವಿನ ವ್ಯತ್ಯಾಸ ಬರೀ 4 ಮಿಲಿಮೀಟರ್. ಕೊನೆ ಫೋಟೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟೀನಿ, ಝೂಮ್ ಮಾಡಿ ನೋಡ್ರಿ.

ಈ ಸಲ ಊರಿಗೆ ಹೋದಾಗ ನಿಮ್ಮ ಸ್ಟೇಷನ್ನಿನಲ್ಲಿ ರೈಲು ಹತ್ತೋರನ್ನ ಒಂದು ನಿಮಿಷ ನಿಂತು ನೋಡ್ರಿ. ಆರಾಮ ಹತ್ತತಾರೋ, ಯಾರರ ಎಳೀಬೇಕೋ? ಊರ ಹೆಸರಿನ ಜೊತೆ ಕಾಮೆಂಟಿನಲ್ಲಿ ಬರೀರಿ. ಭಾಗ 5ರಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಶೆಡ್ ಎಬ್ಬಿಸೋಣು.

#ಹುಬ್ಬಳ್ಳಿಧಾರವಾಡ #ಪುಟ್ಟರೈಲ್ವೆ #ಮಾಡೆಲ್‌ರೈಲು