ರಿಪೇರಿ ನೆಪ, ಬಾಡಿಗೆದಾರರ ಹಣ

ಬೀದರ್ ಜಿಲ್ಲೆಯ ಕೊಹಿನೂರ ಸುತ್ತಲಿನ ಶಾಲೆ, ಆಸ್ಪತ್ರೆಗಳಿಗೆ ವರ್ಗವಾಗಿ ಬರುವವರಲ್ಲಿ ಹಲವರು ಬಸವಕಲ್ಯಾಣ ಇಲ್ಲವೇ ಹುಮನಾಬಾದಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಮನೆ ಬಿಡುವಾಗ ಡಿಪಾಸಿಟ್ ಕೇಳಿದರೆ, ‘ಸುಣ್ಣಬಣ್ಣ ಆಗಲಿ, ನಳ ರಿಪೇರಿ ಆಗಲಿ’ ಎಂದು ತಿಂಗಳುಗಟ್ಟಲೆ ಸತಾಯಿಸುವುದು ಅನ್ಯಾಯ. ಮುಂದಿನ ಊರಿನಲ್ಲಿ ಮನೆ ಹಿಡಿಯಲು ಅವರಿಗೆ ಬೇಕಾದದ್ದು ಇದೇ ಹಣ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯ ಸವಕಳಿಗೆ ಅವರು ಹೊಣೆಯಲ್ಲ. ಮಾಸಿದ ಗೋಡೆ ಸವಕಳಿ, ಒಡೆದ ವಾಶ್‌ಬೇಸಿನ್ ನಷ್ಟ. ನಷ್ಟಕ್ಕೆ ಮಾಲೀಕರು ಹಣ ಮುರಿದುಕೊಳ್ಳಲಿ, ಆದರೆ ಬಿಲ್ಲು ತೋರಿಸಲಿ, ಉಳಿದದ್ದನ್ನು ಅಂದೇ ಕೊಡಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಮನೆ ವಶಕ್ಕೆ ಪಡೆಯುವಾಗಲೇ, ಬಾಕಿ ಕಳೆದು, ಡಿಪಾಸಿಟ್ ಮರಳಿಸಬೇಕೆನ್ನುತ್ತದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನೂ ಹಾಕಿದೆ. ರಾಜ್ಯಗಳು ಒಪ್ಪಿದರಷ್ಟೇ ಅದು ಜಾರಿ.

ಬಾಡಿಗೆದಾರರು ಬರಹದ ಕರಾರು, ಹಣ ಕೊಟ್ಟ ರಸೀದಿ, ಒಳಹೊಕ್ಕ ದಿನದ ಫೋಟೊಗಳನ್ನು ಕಾಪಾಡಿಕೊಳ್ಳಬೇಕು. ಹಣ ಬಾರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು ಕಳುಹಿಸಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಸಾಧ್ಯ. ಅದಕ್ಕೆ ಕೋರ್ಟ್ ಶುಲ್ಕವಿಲ್ಲ, ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ.