ಟೋಲ್ ರೇಟ್ ಆಮೇಲೆ, ಮೊದಲು ಸರ್ವಿಸ್ ರೋಡ್ ತೋರಿಸಿ

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಕಡೆಯ ರೈತ ಬಂಧುಗಳೇ,

ಬೆಂಗಳೂರು–ಮೈಸೂರು ಹೆದ್ದಾರಿ ಟೋಲ್ ಮಾತು ಬಂದಾಗೆಲ್ಲ ನಾವು ಜಗಳ ಆಡೋದು ರೇಟ್ ಮೇಲೆ. ನನ್ನ ಪ್ರಕಾರ ಜಗಳ ಆಡಬೇಕಾದ್ದು ಒಂದೇ ಒಂದು ಮಾತಿನ ಮೇಲೆ: ಸರ್ವಿಸ್ ರೋಡ್ "ಲಭ್ಯವಿದೆ" ಅನ್ನೋ ಮಾತು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ನಿಡಘಟ್ಟ ಭಾಗಕ್ಕೆ ಟೋಲ್ ಶುರುವಾಯ್ತು. ಜುಲೈ 1ರಿಂದ ಗಣಂಗೂರಲ್ಲೂ ವಸೂಲಿ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರಂಗಿಲ್ಲ ಅಂತಾಯ್ತು. ನೂರರ ವೇಗದಲ್ಲಿ ಬರೋ ಕಾರಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗೋದು ಅಪಾಯ, ಒಪ್ಪೋಣ. ಆದರೆ ಇಳಿ ಅಂದವರು ಎಲ್ಲಿಗೆ ಇಳೀಬೇಕು ಅಂತಾನೂ ತೋರಿಸಬೇಕಲ್ಲ? ನಿಷೇಧ ಬಂದ ಹೊತ್ತಿಗೆ ಸೇತುವೆ, ರೈಲ್ವೆ ಹಳಿ ಇರೋ ಕಡೆ ಸರ್ವಿಸ್ ರೋಡ್ ತುಂಡು ತುಂಡಾಗೇ ಇತ್ತು.

ಈಗ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮ ನೋಡಿ. ಟ್ರ್ಯಾಕ್ಟರಿಗೆ ಟೋಲ್ ಇಲ್ಲ; ಆದರೆ ಸರ್ವಿಸ್ ರೋಡ್ ಅಥವಾ ಬದಲಿ ರಸ್ತೆ ಇದ್ದರೆ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ. ಟೋಲಿಂದ 20 ಕಿ.ಮೀ. ಒಳಗಿರೋರ ಸ್ವಂತ ಕಾರಿಗೆ ಕಮ್ಮಿ ದರದ ತಿಂಗಳ ಪಾಸ್ ಉಂಟು; ಸರ್ವಿಸ್ ರೋಡ್ ಇದ್ದರೆ ಇಲ್ಲ. ಜಿಲ್ಲೆಯಲ್ಲೇ ನೋಂದಣಿಯಾದ ಸರಕು ಗಾಡಿಗೆ, ನ್ಯಾಷನಲ್ ಪರ್ಮಿಟ್ ಇಲ್ಲದಿದ್ದರೆ, ಅರ್ಧ ದರ ಉಂಟು. ಸರ್ವಿಸ್ ರೋಡ್ ಇದ್ದರೆ ಅದೂ ಇಲ್ಲ. ಮದ್ದೂರು ಮಾರ್ಕೆಟ್ಟಿಗೆ ಎಳನೀರು ಹೊಡೆಯೋ ಟಾಟಾ ಏಸ್‌ನೋರು ಇದನ್ನ ಎರಡು ಸಲ ಓದಿ.

ಅಂದರೆ ಕಾಗದದ ಮೇಲಿನ ಒಂದು ಸರ್ವಿಸ್ ರೋಡ್ ನಮ್ಮಿಂದ ಮೂರು ಕಿತ್ಕೊಳ್ಳುತ್ತೆ: ದಾರಿ, ಪಾಸ್, ಅರ್ಧ ದರ.

"ಹಳೇ ರಸ್ತೇಲಿ ಹೋಗಿ" ಅಂತಾರೆ. ಯಾವ ಹಳೇ ರಸ್ತೆ ಸ್ವಾಮಿ? ಬೈಪಾಸ್ ಆದ ಪಟ್ಟಣದೊಳಗೆ ಹಳೇ ರಸ್ತೆ ಉಳಿದಿದೆ. ಪಟ್ಟಣ ದಾಟಿದರೆ ಬಹಳ ಕಡೆ ಆ ಹಳೇ ರಸ್ತೆ ಮೇಲೇ ಆರು ಪಥ ಕೂತಿದೆ. ಸಾಲದ್ದಕ್ಕೆ ಟೋಲ್ ತಪ್ಪಿಸೋ ಕಾರು, ಲಾರಿನೂ ಸರ್ವಿಸ್ ರೋಡಿಗೇ ಇಳೀತವೆ. ಸ್ಕೂಲ್ ಮಕ್ಕಳು, ಹಾಲಿನ ಕ್ಯಾನ್ ಕಟ್ಟಿದ ಬೈಕು, ಮೇವಿನ ಗಾಡಿ ಎಲ್ಲಾ ಅದೇ ಇಕ್ಕಟ್ಟಲ್ಲಿ. ಹೆದ್ದಾರಿಯವರಿಗೆ ಸಮಯ ಉಳೀತು, ನಮಗೆ ಗಂಡಾಂತರ ಉಳೀತು.

ಉದ್ಘಾಟನೆಗೆ ಹತ್ತು ಪಥದ ರಸ್ತೆ ಅಂತ ಹೊಗಳಿದರು. ಆ ಹತ್ತರಲ್ಲಿ ನಾಲ್ಕು ಸರ್ವಿಸ್ ರೋಡಿನವು. ಹೊಗಳಿಕೆಗೆ ಲೆಕ್ಕಕ್ಕೆ ಬಂದ ನಾಲ್ಕು ಪಥ, ಜಲ್ಲಿ-ಟಾರು ಹಾಕುವಾಗ ಯಾಕೆ ಲೆಕ್ಕಕ್ಕೆ ಬರಲ್ಲ?

ಬೈಯ್ದು ಸುಮ್ಮನಾದರೆ ಪ್ರಯೋಜನ ಇಲ್ಲ. ನಿಮ್ಮೂರ ಹತ್ತಿರ ಸರ್ವಿಸ್ ರೋಡ್ ಎಲ್ಲಿ ಕಟ್ಟಾಗುತ್ತೆ, ಯಾವ ಅಂಡರ್‌ಪಾಸಲ್ಲಿ ನೀರು ನಿಲ್ಲುತ್ತೆ ಅಂತ ಕಿಲೋಮೀಟರ್ ಕಲ್ಲಿನ ಸಮೇತ ಫೋಟೋ ತೆಗೀರಿ. ಗ್ರಾಮಸಭೇಲಿ ಇಟ್ಟು ನಡಾವಳಿಗೆ ಬರೆಸಿ. ಪಾಸಿಗೆ ಅರ್ಜಿ ಹಾಕಿ. ಸರ್ವಿಸ್ ರೋಡ್ ಇದೆ ಅಂತ ವಾಪಸ್ ಕಳಿಸಿದರೆ, ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಬರೆದುಕೊಡಿ ಅನ್ನಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ.

ರಸ್ತೆ ಬೇಡ ಅಂತ ನಮ್ಮಲ್ಲಿ ಯಾರೂ ಅಂದಿಲ್ಲ. ಜಮೀನು ಬಿಟ್ಟುಕೊಟ್ಟೋರೂ ನಮ್ಮೋರೇ. ಇದೆ ಅಂತೀರಾ, ಪೂರ್ತಿ ಮಾಡಿ ತೋರಿಸಿ. ಪೂರ್ತಿ ಆಗಿಲ್ಲ ಅಂತೀರಾ, ಪಾಸೂ ಅರ್ಧ ದರಾನೂ ಕೊಡಿ. ಎರಡೂ ಇಲ್ಲ ಅನ್ನೋಕೆ ನಿಯಮದಲ್ಲಿ ಜಾಗ ಇಲ್ಲ.