ಕೂಲಿಕಾರರ ಮೇಲೊಂದು ಕಣ್ಣು

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು 2020ರ ಕೊನೆಯಲ್ಲಿ ‘ಪ್ರೊಡಕ್ಟಿವಿಟಿ ಸ್ಕೋರ್’ ಎಂಬ ಸಾಧನವೊಂದನ್ನು ಬಳಕೆಗೆ ತಂದಿತು. ಕಚೇರಿಯ ನೌಕರನು ಇ-ಮೇಲನ್ನೂ ಸಭೆಗಳನ್ನೂ ಎಷ್ಟು ಬಳಸಿದನೆಂಬುದನ್ನು ಹೆಸರು ಸಮೇತ ಯಜಮಾನನ ಮುಂದಿಡುವ ಸಾಧನವದು. ಇದು ಬೇಹುಗಾರಿಕೆಯೆಂದು ಕೂಗೆದ್ದಿತು. ಕೆಲವೇ ದಿನಗಳಲ್ಲಿ, ಡಿಸೆಂಬರ್ 1ರಂದು, ನೌಕರರ ಹೆಸರುಗಳನ್ನು ತೆಗೆದುಹಾಕುವುದಾಗಿ ಕಂಪನಿ ಸಾರಿತು. ಹೆಸರು ಹೋಯಿತು, ಅಳತೆ ಉಳಿಯಿತು. ಆದರೂ ಕೂಗು ಕೇಳಿಸಿತೆಂಬುದನ್ನು ಒಪ್ಪಬೇಕು.

ಇಷ್ಟು ದೂರದ ಸಂಗತಿಯನ್ನು ಇಲ್ಲಿ ಎತ್ತಲು ಕಾರಣವಿದೆ. ಮುರುಗಮಲ್ಲದಂಥ ಹಳ್ಳಿಗಳಲ್ಲಿ ಕೆರೆಯ ಹೂಳೆತ್ತುವ, ಬದು ಹಾಕುವ ಕೂಲಿಕಾರರ ಮೇಲೂ ಇಂಥದೇ ಕಣ್ಣೊಂದನ್ನು ಇರಿಸಲಾಯಿತು. ಇರಿಸಿದ್ದು ಕಂಪನಿಯಲ್ಲ, ನಮ್ಮದೇ ಸರಕಾರ. ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2021ರ ಮೇ ತಿಂಗಳಲ್ಲಿ ಹೊರತಂದಿತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕೆಲಸವೊಂದನ್ನು ಬಿಟ್ಟು, ಉದ್ಯೋಗ ಖಾತ್ರಿಯ ಎಲ್ಲ ಕಾಮಗಾರಿಗಳಿಗೂ ಅದು ಕಡ್ಡಾಯವಾಯಿತು. ದಿನಕ್ಕೆರಡು ಫೋಟೊ, ನಡುವೆ ನಾಲ್ಕು ಗಂಟೆಯ ಅಂತರ. ಕಾಯಕ ಬಂಧುವಿನ ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ, ಸರ್ವರ್ ಕೆಟ್ಟರೆ, ಮಣ್ಣು ಹೊತ್ತವರ ದಿನವೇ ಲೆಕ್ಕದಿಂದ ಜಾರುವ ಭಯ. ಮುರುಗಮಲ್ಲದ ದರ್ಗಾಕ್ಕೆ ಜನ ಹರಕೆ ಹೊತ್ತು ಬರುತ್ತಾರೆ; ಇನ್ನು ಸಿಗ್ನಲಿಗೂ ಹರಕೆ ಹೊರಬೇಕೆ?

ಇದರಲ್ಲಿ ಇನ್ನೊಂದು ಅಸಂಬದ್ಧವಿದೆ. ಈ ಕೂಲಿಯನ್ನು ಕಟ್ಟುತ್ತಿದ್ದುದು ಗಂಟೆಯ ಮೇಲಲ್ಲ, ಅಗೆದ ಮಣ್ಣಿನ ಅಳತೆಯ ಮೇಲೆ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹೊತ್ತು ಮೂಡುವ ಮುನ್ನವೇ ಬಂದು, ಬಿಸಿಲೇರುವುದರೊಳಗೆ ಗುಂಡಿ ತೋಡಿ ಮುಗಿಸುವುದು ನಮ್ಮ ಕಡೆಯ ರೂಢಿ. ಮಣ್ಣು ಅಳತೆಗೆ ಸಿದ್ಧವಾದ ಮೇಲೂ ಎರಡನೆಯ ಫೋಟೊಕ್ಕಾಗಿ ಅವರು ಬಿಸಿಲಿನಲ್ಲಿ ಕಾಯಬೇಕು, ಇಲ್ಲವೇ ಮನೆಗೆ ಹೋಗಿ ಮತ್ತೆ ಬರಬೇಕು.

ಕಳ್ಳ ಹಾಜರಿ ನಿಲ್ಲಿಸಲೆಂದು ಇದನ್ನು ತಂದೆವೆನ್ನುತ್ತಾರೆ. ಕಳ್ಳ ಹಾಜರಿ ಇತ್ತೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ಅದು ನಿಂತಿತೆ? 2025ರ ಜುಲೈ 8ರಂದು ಸಚಿವಾಲಯವೇ ಹೊರಡಿಸಿದ ಸುತ್ತೋಲೆಯನ್ನು ವಾಚಕರು ಗಮನಿಸಬೇಕು: ಸಂಬಂಧವಿಲ್ಲದ ಚಿತ್ರಗಳು, ಫೋಟೊದಿಂದಲೇ ತೆಗೆದ ಫೋಟೊಗಳು, ಒಂದೇ ಗುಂಪು ಹಲವು ಹಾಜರಿ ಪಟ್ಟಿಗಳಲ್ಲಿ! ಇದಕ್ಕೆ ಕಂಡುಕೊಂಡ ಮದ್ದೇನು? ಪಂಚಾಯಿತಿಯವರು ಪ್ರತಿಯೊಂದು ಫೋಟೊವನ್ನೂ ಕಣ್ಣಿನಿಂದ ಪರೀಕ್ಷಿಸಬೇಕೆಂಬುದು. ಕಳ್ಳನಿಗೆ ದಾರಿ ಸಿಕ್ಕಿತು, ಸಿಕ್ಕಿಬಿದ್ದವರು ದುಡಿದವರು.

2023ರಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ನಡೆಸಿದರು. ಆ್ಯಪ್ ರದ್ದಾಗಲಿಲ್ಲ. ಕಂಪನಿಗೆ ಗಿರಾಕಿ ಕೈತಪ್ಪುವ ಭಯವಿತ್ತು. ಸರಕಾರಕ್ಕೆ ಕೂಲಿಕಾರರ ಭಯವಿರಲಿಲ್ಲ.

ಈ ಕಣ್ಣು ಮೇಲಕ್ಕೇಕೆ ತಿರುಗದು ಎಂದು ನಾವು ಕೇಳುತ್ತೇವೆ. ಹಾಜರಿ ಪಟ್ಟಿ ಮುಗಿದ 15 ದಿನಗಳೊಳಗೆ ಕೂಲಿ ಸಲ್ಲಬೇಕೆಂದು ಉದ್ಯೋಗ ಖಾತ್ರಿ ಕಾಯಿದೆ ಹೇಳಿತ್ತು. ತಪ್ಪಿದರೆ ದಿನಕ್ಕೆ ಶೇಕಡಾ 0.05 ಪರಿಹಾರ. ಕರ್ನಾಟಕದಲ್ಲಿ 2025-26ರ ದಿನಗೂಲಿ 370 ರೂಪಾಯಿ. ಆರು ದಿನಕ್ಕೆ 2,220. ಅದನ್ನು ಒಂದು ದಿನ ತಡೆಹಿಡಿದುದಕ್ಕೆ ಪರಿಹಾರ 1 ರೂಪಾಯಿ 11 ಪೈಸೆ! ಫೋಟೊ ತಪ್ಪಿದ ಕೂಲಿಕಾರರಿಗೆ ದಿನದ ಕೂಲಿಗೇ ಸಂಚಕಾರ, ಹಣ ತಡಮಾಡಿದ ಸರಕಾರಕ್ಕೆ ಇಷ್ಟೇ ದಂಡ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯಿದೆಯ ಬದಲಿಗೆ ‘ವಿಬಿ–ಜಿ ರಾಮ್ ಜಿ’ ಕಾಯಿದೆಯನ್ನು ಅಂಗೀಕರಿಸಿತು. 100 ದಿನದ ಭರವಸೆ 125 ಆಯಿತು. ಬೆರಳಚ್ಚು, ಮುಖಗಳ ಗುರುತು, ಮೊಬೈಲ್ ಕಾವಲು ಅಲ್ಲಿಯೂ ಬಂದಿವೆ. ಹಾಗಿದ್ದರೆ ಕಾಮಗಾರಿಯ ಸ್ಥಳದಲ್ಲೊಂದು ಕಾಗದದ ಹಾಜರಿ ಪಟ್ಟಿಯೂ ಇರಲಿ. ಆ್ಯಪ್ ಕೆಟ್ಟ ದಿನ ಅದರ ಮೇಲೆಯೇ ಕೂಲಿ ಸಲ್ಲಲಿ. ಕಡತ ಯಾವ ಅಧಿಕಾರಿಯ ಮೇಜಿಗೆ ಎಂದು ಬಂತು, ಎಂದು ಹೋಯಿತು ಎಂಬುದನ್ನು ಹೆಸರು, ತಾರೀಖು ಸಮೇತ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಮುರುಗಮಲ್ಲದ ಕೂಲಿಕಾರರು ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನೂ ನಿರ್ಣಯವಾಗಿ ಬರೆಸಿ, ನಕಲು ಕೇಳಿ ಪಡೆಯಬೇಕು.